ಎರಡನೆಯ ನಿಯಮ

ಕರಾವಳಿ ವ್ಯಾಪಾರದ ಹಡಗಿಗೆ ಅಧಿಕಾರಿಯಾಗಬೇಕು ಅನ್ನುವವನು ಮೊದಲು ಬಾಯಿಪಾಠ ಮಾಡುವುದು 1972ರ ಡಿಕ್ಕಿ ತಡೆ ನಿಯಮಗಳನ್ನು. ಯಾರು ಯಾರ ಬಲಕ್ಕಿದ್ದರೆ ಯಾರು ದಾರಿ ಬಿಡಬೇಕು, ಟ್ರಾಲ್ ಬಲೆ ಎಳೆಯುವ ಬೋಟಿಗೆ ಯಾವ ದೀಪದ ಮೇಲೆ ಯಾವ ದೀಪ, ಮಂಜು ಕವಿದಾಗ ಎಷ್ಟು ನಿಮಿಷಕ್ಕೊಮ್ಮೆ ಸೀಟಿ, ಎಲ್ಲವನ್ನೂ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬೇಕು. ಆದರೆ ಇವೆಲ್ಲಕ್ಕೂ ಮೊದಲೇ ಎರಡನೆಯ ನಿಯಮ ಬರುತ್ತದೆ. ನಿಯಮ ಮೀರಿದರೆ ನೀನು ಹೊಣೆ. ನಾವಿಕನಿಗೆ ಇರಬೇಕಾದ ಸಹಜ ಎಚ್ಚರ ತಪ್ಪಿದರೂ ನೀನೇ ಹೊಣೆ. ಅಪಾಯ ಮೈಮೇಲೆ ಬಂದಾಗ ನಿಯಮ ಬಿಟ್ಟು ನಡೆಯುವುದು ಅನಿವಾರ್ಯವಾಗಬಹುದು, ಅದೂ ನೆನಪಿರಲಿ. ಅದರ ತಾತ್ಪರ್ಯ ಇಷ್ಟು. ನಿಯಮದ ಪುಸ್ತಕವೇ ಮೊದಲ ಪುಟಗಳಲ್ಲಿ ತನ್ನ ಹಿಂದೆ ಅಡಗಿಕೊಳ್ಳಬೇಡ ಅನ್ನುತ್ತದೆ.

ನಿಯಮ ಪಾಲಿಸಿದವನು ಧರ್ಮವನ್ನೂ ಪಾಲಿಸಿದ ಹಾಗಾಯಿತೇ? ನನಗೆ ಈ ಪ್ರಶ್ನೆ ಬಂದದ್ದು ವೇದಾಂತದ ಓದಿನಿಂದಲ್ಲ, ಹಡಗಿನ ಅಧಿಕಾರಿಯಾಗುವ ಪರೀಕ್ಷೆಯ ತಯಾರಿಯಿಂದ.

ನಾನು ಮಲ್ಪೆಯ ಮೀನುಗಾರರ ಮನೆಯವನು. ಸಣ್ಣ ಹಡಗಿನಲ್ಲಿ ವಾಚ್, ಅಂದರೆ ಕಾವಲು ಪಾಳಿ, ನಿಲ್ಲುವ ಅಧಿಕಾರಿಯಾಗಲು ಡೆಕ್ಕಿನ ಕೆಲಸದಿಂದ ಮೇಲೆ ಬರುವವನು ಕನಿಷ್ಠ 36 ತಿಂಗಳು ಸಮುದ್ರದಲ್ಲಿ ದುಡಿದಿರಬೇಕು ಎನ್ನುತ್ತದೆ ಅಂತಾರಾಷ್ಟ್ರೀಯ ಕಟ್ಟಳೆ. ನಾನು ಬಂದದ್ದು ಆ ದಾರಿಯಲ್ಲಿ, ಹಗ್ಗ ಎಳೆದು, ತುಕ್ಕು ಕೆರೆದು. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಮೇಜಿನ ಮೇಲೆ ಪುಟ್ಟ ಹಡಗುಗಳನ್ನಿಟ್ಟು ಸರಿಸುತ್ತಾರೆ. “ಎಡಗಡೆಯಿಂದ ಬರ್ತಿದ್ದಾನೆ. ದಾರಿ ಬಿಡ್ತಿಲ್ಲ. ಈಗ?” ಹದಿನೇಳನೆಯ ನಿಯಮದ ಪ್ರಕಾರ ನಾನು ದಿಕ್ಕು, ವೇಗ ಬದಲಿಸದೆ ಸಾಗಬೇಕು, ಅವನು ಸರಿಯುವುದಿಲ್ಲವೆಂದು ಖಚಿತವಾದರೆ ನಾನು ತಿರುಗಬಹುದು, ಅವನೊಬ್ಬನಿಂದಲೇ ಡಿಕ್ಕಿ ತಪ್ಪದು ಎಂಬಷ್ಟು ಹತ್ತಿರವಾದರೆ ತಿರುಗಲೇಬೇಕು. ಹೇಳಿದೆ, ಪಾಸಾದೆ.

ಮೇಜಿನ ಮೇಲಿನ ಹಡಗಿನಲ್ಲಿ ಯಾರೂ ಮಲಗಿರುವುದಿಲ್ಲ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿದ ಮೇಲೆ, ಗುಜರಾತಿನಿಂದ ಸಿಮೆಂಟ್ ತುಂಬಿಕೊಂಡು ಮಂಗಳೂರಿನ ಪಣಂಬೂರಿಗೆ ಬರುವ ಹಡಗಿನ ಬ್ರಿಜ್ಜಿನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ನಿಂತು ನೋಡಬೇಕು. ಎಡಕ್ಕೆ ಒಂದೇ ಒಂದು ಬಿಳಿ ದೀಪ, ಮೀನುಗಾರರ ಬೋಟಿನದು. ಬಲೆ ಮೇಲೆತ್ತಿ, ಮೀನಿಗೆ ಮಂಜುಗಡ್ಡೆ ಹಾಕಿ, ಎಂಜಿನ್ ನಿಲ್ಲಿಸಿ ಎಲ್ಲರೂ ಮಲಗಿದ್ದಾರೆ. ಬಲೆ ನೀರಿನಲ್ಲಿಲ್ಲ, ಹಾಗಾಗಿ ನಿಯಮದ ಲೆಕ್ಕದಲ್ಲಿ ಅದು ಮೀನು ಹಿಡಿಯುತ್ತಿರುವ ಬೋಟಲ್ಲ. ಲಂಗರು ಬಿಟ್ಟಿಲ್ಲ, ಹಾಗಾಗಿ ನಿಂತ ಬೋಟೂ ಅಲ್ಲ. ಸುಮ್ಮನೆ ತೇಲುತ್ತಿದ್ದರೂ ಅದು ಯಾನದಲ್ಲಿರುವ ಯಂತ್ರದ ಬೋಟು. ಅದರ ಬಲಬದಿಗೆ ನಾನಿದ್ದರೆ ದಾರಿ ಬಿಡಬೇಕಾದ್ದು ಅದೇ. ಕಾಗದದ ಮೇಲೆ ನಾನು ಪೂರ್ತಿ ಸರಿ. ಆದರೆ ನನ್ನ ಅಪ್ಪನೂ ಹಾಗೇ ಮಲಗುತ್ತಿದ್ದವರು. ಬೆಳಗಿನಿಂದ ಬಲೆ ಎಳೆದು ಬೆರಳು ಸೀಳಿದವನಿಗೆ ಆ ಹೊತ್ತಿನಲ್ಲಿ ಎಂಥ ನಿದ್ದೆ ಬರುತ್ತದೆಂದು ನನಗೆ ಗೊತ್ತು.

ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಕೌಶಿಕನ ಕಥೆ ಹೇಳುತ್ತಾನೆ. ಸತ್ಯವನ್ನೇ ನುಡಿಯುವ ವ್ರತ ಹಿಡಿದ ಬ್ರಾಹ್ಮಣ. ಕಳ್ಳರಿಗೆ ಹೆದರಿದ ಜನ ಕಾಡಿನಲ್ಲಿ ಅಡಗುತ್ತಾರೆ; ಬೆನ್ನಟ್ಟಿ ಬಂದವರು ಕೇಳಿದಾಗ ಕೌಶಿಕ ನಿಜ ಹೇಳುತ್ತಾನೆ; ಅಡಗಿದವರೆಲ್ಲ ಹತರಾಗುತ್ತಾರೆ. ವ್ರತ ಕೆಡಲಿಲ್ಲ, ಆದರೂ ಅವನಿಗೆ ನರಕವಾಯಿತು. ವ್ರತ ಹಿಡಿದದ್ದು ಅವನ ತಪ್ಪಲ್ಲ ಎಂದು ನನ್ನ ನಂಬಿಕೆ. ತಾನು ಶುದ್ಧನಾಗಿ ಉಳಿದರೆ ಸಾಕು, ಸತ್ತವರು ತನ್ನ ಲೆಕ್ಕಕ್ಕೆ ಸೇರಿದವರಲ್ಲ ಎಂದುಕೊಂಡದ್ದು ತಪ್ಪು. ಫಲಕ್ಕೆ ಆಸೆಪಡಬೇಡ ಎಂಬ ಗೀತೆಯ ಮಾತನ್ನೂ ಕೆಲವರು ಹೀಗೇ ಬಳಸುತ್ತಾರೆ. ಅಲ್ಲಿ ಬಿಡಬೇಕಾದ್ದು ಆಸೆಯನ್ನು. ಆದದ್ದಕ್ಕೆ ಉತ್ತರ ಹೇಳುವ ಹೊಣೆಯನ್ನಲ್ಲ.

ಹಾಗಾದರೆ ಅವರವರ ಮನಸ್ಸಿಗೆ ತೋಚಿದಾಗ ನಿಯಮ ಮುರಿಯಬಹುದೇ? ಖಂಡಿತ ಇಲ್ಲ. ಇಬ್ಬರೂ ಕರುಣೆಯಿಂದಲೇ ತಿರುಗಿ ಒಬ್ಬರಿಗೊಬ್ಬರು ಬಡಿಯುವುದೂ ಉಂಟು; ನಿಯಮ ಹುಟ್ಟಿದ್ದೇ ಅದಕ್ಕೆ. ಕಡಲು ನನಗೆ ಕಲಿಸಿದ್ದು ಬೇರೆ. ಆ ಬಿಳಿ ದೀಪ ದೂರದಲ್ಲಿರುವಾಗಲೇ, ಡಿಕ್ಕಿಯ ಸಂಭವ ಹುಟ್ಟುವ ಮೊದಲೇ, ಧಾರಾಳವಾಗಿ ಬಲಕ್ಕೆ ತಿರುಗಿದರೆ ಮುರಿಯಬೇಕಾದ ನಿಯಮವೇ ಇರುವುದಿಲ್ಲ. ಧರ್ಮಸಂಕಟ ಎಂದು ನಾವು ದೊಡ್ಡದಾಗಿ ಹೇಳಿಕೊಳ್ಳುವ ಎಷ್ಟೋ ಸಂದರ್ಭಗಳು ಅರ್ಧ ಗಂಟೆ ಮೊದಲಿನ ಉದಾಸೀನದಿಂದ ಹುಟ್ಟಿದವು.

ಎಲ್ಲವೂ ಹಾಗಲ್ಲ. 2015ರ ಅಕ್ಟೋಬರ್ 1ರಂದು ಅಮೆರಿಕದ ‘ಎಲ್ ಫಾರೊ’ ಎಂಬ ಸರಕು ಹಡಗು ಜ್ಯಾಕ್ಸನ್‌ವಿಲ್‌ನಿಂದ ಸಾನ್ ಹುವಾನ್‌ಗೆ ಹೋಗುತ್ತಾ ಚಂಡಮಾರುತಕ್ಕೆ ಸಿಕ್ಕಿ ಮುಳುಗಿತು. ಇದ್ದ 33 ಮಂದಿಯೂ ಸತ್ತರು. ಮರುವರ್ಷ ಸುಮಾರು 15,000 ಅಡಿ ಆಳದಿಂದ ಮೇಲೆತ್ತಿದ ಧ್ವನಿಮುದ್ರಣದಲ್ಲಿ ಬ್ರಿಜ್ಜಿನ ಮಾತುಗಳಿವೆ. ಮಧ್ಯರಾತ್ರಿಗೆ ಮೊದಲು ಮೂರನೆಯ ಅಧಿಕಾರಿ, ಅನಂತರ ಎರಡನೆಯ ಅಧಿಕಾರಿ ಕೋಣೆಯಲ್ಲಿದ್ದ ಕ್ಯಾಪ್ಟನ್ನಿಗೆ ಫೋನ್ ಮಾಡಿ ದಾರಿ ಬದಲಿಸುವ ಮಾತೆತ್ತಿದರು. ಇದ್ದ ದಾರಿಯಲ್ಲೇ ಸಾಗಬೇಕಾಯಿತು. ಅವರು ವಿಧೇಯರಾಗಿದ್ದರು, ವಿಧೇಯತೆಯೂ ಹಡಗಿನ ನಿಯಮವೇ. ಅವರನ್ನು ಕೌಶಿಕನ ಸಾಲಿಗೆ ಸೇರಿಸಲು ನನ್ನ ಕೈ ಬಾರದು. ಹೆಚ್ಚಿನ ಹೊಣೆ ಮಾಸ್ಟರನದು, ಅಂದರೆ ಕ್ಯಾಪ್ಟನ್ನಿನದು. ಆದರೆ ಅರ್ಹತೆಯ ಪತ್ರ ಕಿರಿಯ ಅಧಿಕಾರಿಗೂ ಅವನ ಸ್ವಂತ ಹೆಸರಿನಲ್ಲೇ ಬರುತ್ತದೆ, ಮಾಸ್ಟರನ ಹೆಸರಿನಲ್ಲಲ್ಲ.

ರಾತ್ರಿ ಆದೇಶದ ಪುಸ್ತಕದಲ್ಲಿ ‘ಅನುಮಾನ ಬಂದರೆ ನನ್ನನ್ನು ಎಬ್ಬಿಸಿ’ ಎಂದು ಎಲ್ಲ ಮಾಸ್ಟರುಗಳೂ ಬರೆಯುತ್ತಾರೆ. ಈಗ ಮಾಸ್ಟರನಾಗಿರುವ ನಾನು ಅದರ ಕೆಳಗೆ ಇನ್ನೆರಡು ಸಾಲು ಸೇರಿಸುತ್ತೇನೆ. ಎಬ್ಬಿಸಿದರೂ ನಾನು ಮೇಲೆ ಬರದಿದ್ದರೆ ಒಬ್ಬರನ್ನು ಕಳಿಸಿ ಬಾಗಿಲು ಬಡಿಸಿ. ಅಷ್ಟು ಹೊತ್ತಿಲ್ಲದಿದ್ದರೆ ಮೊದಲು ಹಡಗು ತಿರುಗಿಸಿ. ಆ ತಿರುವಿನ ಬಗ್ಗೆ ನಾಳೆ ವಿಚಾರಣೆಯಾದರೆ ನಿಮ್ಮ ಪಕ್ಕದಲ್ಲಿ ನಿಂತು ಉತ್ತರ ಹೇಳುವವನು ನಾನು.