ಹೊಸ ಪ್ರೊಸೆಸರ್ ಬೇಕು ಅನ್ನಿಸುವುದು ತೃಷ್ಣೆಯೇ?



ಇವತ್ತಿನ ಚಿಂತನೆ ಕಂಪ್ಯೂಟರ್ ಪ್ರೊಸೆಸರ್ ಬಗ್ಗೆ. ನಗಬೇಡಿ. ತೃಷ್ಣೆಯೇ ದುಃಖಕ್ಕೆ ಮೂಲ ಎಂದು ಓದುವಾಗ ನಾವೆಲ್ಲ ತಲೆಯಾಡಿಸುತ್ತೇವೆ. ಆದರೆ ದುಡಿದ ದುಡ್ಡು ಜೇಬಿನಲ್ಲಿಟ್ಟುಕೊಂಡು ಅಂಗಡಿ ಮುಂದೆ ನಿಂತಾಗ, ಈ ‘ಬೇಕು’ ಅನ್ನುವುದು ತೃಷ್ಣೆಯೋ ಅಗತ್ಯವೋ ಎಂದು ಬಿಡಿಸಿ ಹೇಳುವುದು ಕಷ್ಟ.

ನನ್ನ ತಂಗಿಯ ಮಗ ಸಾಗರದಲ್ಲಿ ಬಿಸಿಎ ಓದುತ್ತಿದ್ದಾನೆ. ಜೊತೆಗೆ ಮದುವೆ ವಿಡಿಯೊ ಎಡಿಟಿಂಗ್ ಮಾಡುತ್ತಾನೆ. ಓದಿನ ಖರ್ಚು ಅದರಿಂದಲೇ ನಡೆಯುವುದು, ಅವನ ಅಕ್ಕನ ನರ್ಸಿಂಗ್ ಫೀಸಿಗೂ ಒಂದಿಷ್ಟು ಹೋಗುತ್ತದೆ. ಅವನ ಕಂಪ್ಯೂಟರಿನಲ್ಲಿರುವುದು ಇಂಟೆಲ್‌ನ ಏಳನೇ ತಲೆಮಾರಿನ ಐ5. “ಮಾವ, ಪ್ರೊಸೆಸರ್ ಬದಲಾಯಿಸಿದ್ರೆ ಹೆಂಗೆ? ಇದ್ರಲ್ಲಿ ವಿಂಡೋಸ್ 11 ಹಾಕಕ್ಕೆ ಬರಲ್ಲ” ಅಂದ. ಅವನು ಹೇಳಿದ್ದು ಸರಿ. ಕೆಲವನ್ನು ಬಿಟ್ಟರೆ, ವಿಂಡೋಸ್ 11ಕ್ಕೆ ಎಂಟನೇ ತಲೆಮಾರಿನಿಂದ ಈಚಿನ ಇಂಟೆಲ್ ಪ್ರೊಸೆಸರೇ ಆಗಬೇಕು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇನ್ನೊಂದು ತೊಡಕೂ ಇದೆ. ಏಳನೆಯದಕ್ಕೂ ಎಂಟನೆಯದಕ್ಕೂ ಸಾಕೆಟ್ ನೋಡಲು ಒಂದೇ ಥರ, ಆದರೆ ಹಳೆ ಮದರ್‌ಬೋರ್ಡ್ ಹೊಸದನ್ನು ಒಪ್ಪುವುದಿಲ್ಲ. ಅಂದರೆ ಬೋರ್ಡೂ ಬದಲಾಗಬೇಕು. ಎರಡೂ ಸೇರಿ 18 ಸಾವಿರ ಎಂದು ಅಂಗಡಿಯಲ್ಲಿ ಹೇಳಿದ್ದರು.

“ಇರೋದ್ರಲ್ಲೇ ತೃಪ್ತಿ ಪಡು ಮಾರಾಯ, ಅದೇ ಧಮ್ಮ” ಎಂದು ಹಿರಿಯರೊಬ್ಬರು ಅವನಿಗೆ ಹೇಳಿದರಂತೆ. ನನಗೆ ಇದು ಒಪ್ಪಿಗೆಯಿಲ್ಲ. ನಮ್ಮ ಜನಕ್ಕೆ ‘ಇರೋದ್ರಲ್ಲೇ ಇರು’ ಎಂದು ಹೇಳಿದವರ ಇತಿಹಾಸ ದೊಡ್ಡದು. ಶೂದ್ರನಿಗೆ ಶಕ್ತಿಯಿದ್ದರೂ ಅವನು ಸಂಪತ್ತು ಕೂಡಿಡಬಾರದು ಎನ್ನುತ್ತದೆ ಮನುಸ್ಮೃತಿ. ಅದನ್ನು 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಸುಟ್ಟದ್ದು ಸುಮ್ಮನೆ ಅಲ್ಲ. ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ತೃಷ್ಣೆಯನ್ನು ಬಿಡುವ ಮಾತು ಬಂದಾಗಲೇ ಎಚ್ಚರಿಸುತ್ತಾರೆ: ಬುದ್ಧ ಬಡತನವನ್ನು ಹೊಗಳಲಿಲ್ಲ, ಬಡವ ತನ್ನ ಸ್ಥಿತಿಗೆ ತಲೆಬಾಗಿ ಕೂರಲಿ ಎನ್ನಲಿಲ್ಲ, ಮಿತಿಯಿಲ್ಲದ ಲೋಭ ಬೇಡ ಎಂದನು ಅಷ್ಟೆ. ಸ್ವತಃ ಬಾಬಾಸಾಹೇಬರು ದಾದರ್‌ನಲ್ಲಿ ರಾಜಗೃಹ ಕಟ್ಟಿಸಿದ್ದೇ ತಮ್ಮ ಪುಸ್ತಕಗಳಿಗೆ ಜಾಗ ಬೇಕೆಂದು. ಅದನ್ನು ಯಾರಾದರೂ ತೃಷ್ಣೆ ಅಂದಾರೆಯೇ?

ಹಾಗಂತ ಅಂಗಡಿಯವರ ಮಾತೂ ಧಮ್ಮವಲ್ಲ. ‘ಸೊನ್ನೆ ಬಡ್ಡಿ, ಒಂಬತ್ತು ಕಂತು’ ಎಂದರಂತೆ. ಭಗವಾನರು ಅನಾಥಪಿಂಡಿಕನಿಗೆ ಹೇಳಿದ ಗೃಹಸ್ಥನ ನಾಲ್ಕು ಸುಖಗಳಲ್ಲಿ ಸಾಲವಿಲ್ಲದ ಸುಖವೂ ಒಂದು. ಕೋಲಿಯರ ದೀಘಜಾಣುವಿಗೆ ಉಪದೇಶಿಸುವಾಗ ತಕ್ಕಡಿ ಹಿಡಿದವನ ಉದಾಹರಣೆ ಬರುತ್ತದೆ. ಯಾವ ಕಡೆ ಎಷ್ಟು ತೂಗಿತು ಎಂದು ಅವನಿಗೆ ಗೊತ್ತಿರುತ್ತದೆ, ಹಾಗೆ ಗೃಹಸ್ಥನಿಗೂ ತನ್ನ ಆದಾಯ ವೆಚ್ಚ ಗೊತ್ತಿರಬೇಕು. ತೂಗದೆ ಬೇಡ ಅನ್ನುವುದೂ ತಪ್ಪು, ತೂಗದೆ ಕೊಳ್ಳುವುದೂ ತಪ್ಪು.

ಹಾಗಾಗಿ ಇಬ್ಬರೂ ಕೂತು ತೂಗಿದೆವು. ಅವನು ಎಡಿಟಿಂಗ್ ಮಾಡುವಾಗ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಪ್ರೊಸೆಸರ್ ನೂರಕ್ಕೆ ನಲವತ್ತರಷ್ಟೂ ದುಡಿಯುತ್ತಿರಲಿಲ್ಲ. ನೂರಕ್ಕೆ ನೂರು ಒದ್ದಾಡುತ್ತಿದ್ದದ್ದು ಹಳೆ ಹಾರ್ಡ್ ಡಿಸ್ಕ್. ನಮ್ಮೂರಿನವರಿಗೆ ಇದನ್ನು ವಿವರಿಸುವುದು ಸುಲಭ. ಶರಾವತಿ ವಿದ್ಯುದಾಗಾರದಲ್ಲಿ ಹತ್ತು ಘಟಕಗಳಿವೆ, ಒಟ್ಟು 1035 ಮೆಗಾವ್ಯಾಟ್. ಆದರೆ ಮಳೆ ಕೈಕೊಟ್ಟು ಲಿಂಗನಮಕ್ಕಿ 1819 ಅಡಿಗೆ ತುಂಬದ ವರ್ಷ, ಹನ್ನೊಂದನೇ ಘಟಕ ಕೂರಿಸಿದರೆ ಕರೆಂಟು ಹೆಚ್ಚುತ್ತದೆಯೇ? ಕೊರತೆ ಇರುವುದು ನೀರಿಗೆ. ಇವನ ಕಂಪ್ಯೂಟರಿಗೂ ಅಷ್ಟೆ, ಒಂದು ಎಸ್‌ಎಸ್‌ಡಿ ಹಾಕಿದರೆ ದಿನದ ಅರ್ಧ ಗೋಳು ಕಡಿಮೆಯಾಗುತ್ತದೆ. ವಿಡಿಯೊ ಪೂರ್ತಿ ಮುಗಿಸಿ ಹೊರತೆಗೆಯುವಾಗ ಮಾತ್ರ ಪ್ರೊಸೆಸರ್ ನೂರಕ್ಕೆ ಏರಿ ಮೂರು ತಾಸು ಅಲ್ಲೇ ನಿಲ್ಲುತ್ತದೆ. ಆ ಮೂರು ತಾಸು ಅವನು ಮಲಗಿರುತ್ತಾನೆ. ಯಂತ್ರದ ಹೊತ್ತಿಗೂ ಮನುಷ್ಯನ ಹೊತ್ತಿಗೂ ಒಂದೇ ಬೆಲೆ ಕಟ್ಟಬಾರದು.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳಿದೆ. ಕೇರಿಯ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ಹಾಕುವವನು ಇವನೇ. ಅವರ ಆಧಾರ್, ಜಾತಿ ಪ್ರಮಾಣಪತ್ರ, ಪಾಸ್‌ಬುಕ್ ಪ್ರತಿ ಎಲ್ಲ ಅದೇ ಕಂಪ್ಯೂಟರಿನಲ್ಲಿವೆ. ಸುರಕ್ಷತಾ ಅಪ್‌ಡೇಟ್ ನಿಂತ ಯಂತ್ರದಲ್ಲಿ ಅವನ್ನು ಇಟ್ಟುಕೊಂಡರೆ ಅಪಾಯ ಆ ಮಕ್ಕಳದ್ದು. ವಿಂಡೋಸ್ 10ಕ್ಕೆ ಹೆಚ್ಚುವರಿ ಒಂದು ವರ್ಷ, 2026ರ ಅಕ್ಟೋಬರ್ 13ರ ತನಕ, ಅಪ್‌ಡೇಟ್ ಪಡೆಯುವ ದಾರಿಯಿದೆ. ಮೊದಲು ಅದಕ್ಕೆ ನೋಂದಾಯಿಸು, ಕೆಲಸ ಮುಗಿದ ದಾಖಲೆಗಳನ್ನು ಅಳಿಸು ಎಂದೆ.

ಬೆಲೆ ಎಂದರೆ ನಮ್ಮ ಸೀಮೆಯಲ್ಲಿ ಇನ್ನೊಂದು ಲೆಕ್ಕವೂ ನೆನಪಾಗುತ್ತದೆ. 1964ರಲ್ಲಿ ಅಣೆಕಟ್ಟು ಎದ್ದಿತು, ನಾಡಿಗೆ ಬೆಳಕು ಬಂತು. ಮುಳುಗಿದ್ದು ಬೇರೆಯವರ ಮನೆ ಗದ್ದೆ. ತುಮರಿ, ಕರೂರು ಕಡೆಯವರು ಲಾಂಚಿಗೆ ಕಾದು ಕಾದು, ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಕಂಡದ್ದು 2025ರ ಜುಲೈ 14ಕ್ಕೆ. ಹಕ್ಕುಪತ್ರಕ್ಕಾಗಿ ಓಡಾಡುವವರು ಇನ್ನೂ ಇದ್ದಾರೆ. ಆದ್ದರಿಂದ 18 ಸಾವಿರ ಅಂದಾಗ ನಾನು ಕೇಳುವುದು ಇದು ಯಾರ ಲೆಕ್ಕಕ್ಕೆ ಅಂತ. ಈ ತಿಂಗಳು ಕೊಟ್ಟರೆ ಅಕ್ಕನ ಫೀಸು ತಡವಾಗುತ್ತದೆ. ತಮ್ಮನ ವೇಗಕ್ಕೆ ಅಕ್ಕ ಯಾಕೆ ಕಾಯಬೇಕು? ಬಿಸಾಡಿದ ಬೋರ್ಡಿಗೂ ಒಂದು ಲೆಕ್ಕವಿದೆ. ದೆಹಲಿಯ ಸೀಲಂಪುರದಂಥ ಕಡೆ ಬಡವರು ಬರಿಗೈಯಲ್ಲಿ ಇಂಥವನ್ನು ಬಿಚ್ಚಿ, ಸುಟ್ಟು, ಆಮ್ಲದಲ್ಲಿ ಅದ್ದಿ ಲೋಹ ತೆಗೆಯುತ್ತಾರೆ. ಊರಿನ ಹೊಲಸನ್ನು ಯಾರ ಕೈಗೆ ದಾಟಿಸುತ್ತಾರೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಐನೂರು ಚೀವರ ದಾನ ಬಂದಾಗ ಉದಯನ ರಾಜ ಆನಂದರನ್ನು ಕೇಳಿದನಂತೆ, ಇಷ್ಟೊಂದು ಏನು ಮಾಡುತ್ತೀರಿ ಎಂದು. ಹರಿದ ಚೀವರದವರಿಗೆ ಕೊಡುತ್ತೇವೆ. ಹಳೆಯವು ಹೊದಿಕೆಯಾಗುತ್ತವೆ, ಆಮೇಲೆ ನೆಲಹಾಸು, ಕಾಲೊರೆಸು. ಕೊನೆಗೆ ಕುಟ್ಟಿ ಮಣ್ಣಿಗೆ ಕಲಸಿ ನೆಲಕ್ಕೆ ಮೆತ್ತುತ್ತೇವೆ ಎಂದರು ಆನಂದರು. ಹೊಸದು ಬೇಡ ಎಂದು ಅವರು ಹೇಳಲಿಲ್ಲ ನೋಡಿ.

ಒಂದು ಮದುವೆ ಕೆಲಸದ ದುಡ್ಡಿನಲ್ಲಿ, ಕಂತಿಲ್ಲದೆ, ಎಸ್‌ಎಸ್‌ಡಿ ಬಂದಿದೆ. ಪ್ರೊಸೆಸರ್ ಮಾತು ಮದುವೆ ಸೀಸನ್ ಮುಗಿದ ಮೇಲೆ. ಕಂಪ್ಯೂಟರ್ ನಿಧಾನವೆಂದು ಬಿಟ್ಟ ಕೆಲಸ ಎಷ್ಟು, ಹಗಲಿನಲ್ಲಿ ಕಾದ ತಾಸೆಷ್ಟು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಾನೆ. ಮೂರು ಆರ್ಡರ್ ಕೈತಪ್ಪಿದ್ದರೂ ಸಾಕು, ಅಕ್ಕನ ಫೀಸು ಕಟ್ಟಿದ ಮರುದಿನವೇ ಅವನ ಜೊತೆ ಅಂಗಡಿಗೆ ಹೋಗುತ್ತೇನೆ. ಹಳೆ ಬೋರ್ಡಿಗೆ ಲಿನಕ್ಸ್ ಹಾಕಿ ನಮ್ಮ ವಿಹಾರದ ಮಕ್ಕಳಿಗೆ ಟೈಪಿಂಗ್ ಕಲಿಯಲು ಇಡುವುದಾಗಿ ಹೇಳಿದ್ದಾನೆ. ಮಾನಿಟರ್ ಒಂದು ಬೇಕಾಗುತ್ತದೆ. ಯಾರ ಮನೆಯಲ್ಲಾದರೂ ಸುಮ್ಮನೆ ಕೂತಿದ್ದರೆ ಗುಂಪಿನಲ್ಲಿ ತಿಳಿಸಿ.