ಸಂಗಮದ ನೀರು ಮತ್ತು ಗಣಾಚಾರ

ಕೃಷ್ಣಾ ಮಲಪ್ರಭೆಗಳು ಕೂಡುವ ಕೂಡಲಸಂಗಮದಂತಹ ಕ್ಷೇತ್ರಗಳಲ್ಲಿ ಮಿಂದ ಭಕ್ತರಲ್ಲಿ ಕೆಲವರು ಉಟ್ಟ ಬಟ್ಟೆಯನ್ನು ನೀರಿನಲ್ಲಿಯೇ ಬಿಡುವರು; ಹೂವು, ಪ್ಲಾಸ್ಟಿಕ್ ಚೀಲಗಳೂ ಅದರ ಹಿಂದೆ ಹೋಗುವವು. ಹೊಳೆಯು ಎಲ್ಲವನ್ನೂ ಒಯ್ಯುವುದೆಂಬ ನಂಬಿಗೆಯೇ ಇದಕ್ಕೆ ಮೂಲ. ಆದರೆ 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದ ಮೇಲೆ ಸಂಗಮದಲ್ಲಿ ಬಹುಕಾಲ ಇರುವುದು ಹಿನ್ನೀರು. ಬಟ್ಟೆ ಕೆಸರಿನಲ್ಲಿ ಹೂತುಹೋಗುವುದು. ಹೂವು ಕೊಳೆಯುತ್ತ ನೀರಿನೊಳಗಿನ ಪ್ರಾಣವಾಯುವನ್ನು ಹೀರುವುದು. ಪ್ಲಾಸ್ಟಿಕ್ಕಾದರೋ ಕೊಳೆಯುವುದೂ ಇಲ್ಲ.

ಭಕ್ತಿಯಿಂದ ಬಿಟ್ಟುದಕ್ಕೆ ದೋಷವೆಲ್ಲಿಯದು ಎಂದು ಕೇಳುವವರುಂಟು. ಪಾದೋದಕವನ್ನು ಅಷ್ಟಾವರಣಗಳಲ್ಲಿ ಒಂದೆಂದು ಎಣಿಸುವವನೇ ಕೆಳಗಿನ ಊರಿನವರು ಕುಡಿಯುವ ನೀರನ್ನು ಹೊಲಸು ಮಾಡಿದರೆ, ಭಾವವು ಶುದ್ಧವಿದ್ದೂ ಕ್ರಿಯೆ ಕೆಟ್ಟಿತು. ಕ್ರಿಯೆಯನ್ನುಳಿದ ಭಾವವನ್ನು ಶರಣರು ಒಪ್ಪಿದವರಲ್ಲ. ಸದಾಚಾರವು ತನ್ನ ನಡೆಯನ್ನು ನೋಡಿಕೊಂಡರೆ ಗಣಾಚಾರವು ಸಮೂಹದ ನಡೆಗೂ ಹೊಣೆಯಾಗುವುದು.

ಫಲಕಗಳನ್ನು ನೆಡಬಹುದು, ಓದುವವರೆಷ್ಟು ಮಂದಿ! ಮನೆಯ ಹಿರಿಯನು ಒದ್ದೆ ಬಟ್ಟೆಯನ್ನು ಹಿಂಡಿ, ಮಡಿಸಿ, ಊರಿಗೆ ಒಯ್ಯಲಿ. ಮೊಮ್ಮಗನು ಹೇಳಿಸಿಕೊಳ್ಳದೆಯೇ ಕಲಿಯುವನು. ಪಕ್ಕದವನು ಧೋತರವನ್ನು ನೀರಿಗೆ ಬಿಡಹೋದಾಗ ಗದರುವುದೇಕೆ? “ಇತ್ತ ಕೊಡಿರಪ್ಪಾ, ಒಗೆದು ಉಡುವವರಿದ್ದಾರೆ” ಎಂದು ಕೈಚಾಚಿದರೆ ಕೊಡದವರು ವಿರಳ.