ಮುಳ್ಳು ಮೇಲೇರಿದಾಗ ಗಾಡಿ ನಿಲ್ಲಿಸುವಿರಾ?

ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳು ಕೊಂಡ ಮೊದಲ ಕಾರು ಮಾರುತಿ 800. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಪುಟ್ಟ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತುಹೋಯಿತು. ಆದರೂ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ರಸ್ತೆಗಳಲ್ಲಿ ಹಳೆಯ ಗಾಡಿಗಳು ಇನ್ನೂ ಕಾಣಸಿಗುತ್ತವೆ. ಮೂರು ಸಿಲಿಂಡರಿನ, 796 ಸಿ.ಸಿ.ಯ ಆ ಸಣ್ಣ ಇಂಜಿನ್ ಮದುವೆಗೆ, ಆಸ್ಪತ್ರೆಗೆ, ಭಾನುವಾರದ ಬಲಿಪೂಜೆಗೆ ಎಷ್ಟು ಜನರನ್ನು ಹೊತ್ತಿದೆಯೋ ದೇವರೇ ಬಲ್ಲ!

ಅಂಥದೊಂದು ಕಾರಿನಲ್ಲಿ ನೀವು ಸಂಸಾರ ಸಮೇತ ಚಾಮರಾಜನಗರದಿಂದ ಹೊರಟಿದ್ದೀರಿ ಎಂದುಕೊಳ್ಳಿ. ಬೇಸಿಗೆಯ ಸಂಜೆ. ತೆರಕಣಾಂಬಿ ದಾಟಿ ಗುಂಡ್ಲುಪೇಟೆ ತಲುಪಿ, ಅಲ್ಲಿಂದ ಕಾಡಿನ ರಸ್ತೆ ಹಿಡಿದು ಸುಲ್ತಾನ್ ಬತ್ತೇರಿಗೆ ಹೋಗಬೇಕು. ನಾಳೆ ಬೆಳಿಗ್ಗೆ ಅಲ್ಲಿ ನೆಂಟರ ಮನೆಯ ಮದುವೆ. 2009ರಿಂದ ಕಾಡಿನ ಆ ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಗೇಟು ಹಾಕುವುದರೊಳಗೆ ದಾಟಿಬಿಡಬೇಕೆಂಬ ಆತುರ. ಅಷ್ಟರಲ್ಲಿ ಡ್ಯಾಶ್‌ಬೋರ್ಡಿನ ಮುಳ್ಳು ಮೆಲ್ಲಗೆ ‘ಎಚ್’ ಕಡೆಗೆ ಏರತೊಡಗುತ್ತದೆ.

ನೀವು ಗಾಡಿ ನಿಲ್ಲಿಸುವಿರಾ? ಅಥವಾ “ಇನ್ನು ಸ್ವಲ್ಪ ದೂರ ತಾನೇ, ಹೋಗಿಬಿಡೋಣ” ಎನ್ನುವಿರಾ?

ಇದು ಮೆಕ್ಯಾನಿಕ್‌ಗೆ ಕೇಳುವ ಪ್ರಶ್ನೆ, ಈ ಪುಟದಲ್ಲಿ ಏಕೆ ಎಂದು ನಿಮಗೆ ಅನಿಸಬಹುದು. ಆದರೆ ಇದರೊಳಗೆ ಧರ್ಮದ ಪ್ರಶ್ನೆಯೊಂದಿದೆ. ಗೊತ್ತಿಲ್ಲದೆ ಇಂಜಿನ್ ಕೆಟ್ಟರೆ ಅದು ನಷ್ಟ. ಮುಳ್ಳು ಏರಿದ್ದನ್ನು ಕಣ್ಣಾರೆ ನೋಡಿಯೂ ಓಡಿಸಿ ಕೆಡಿಸಿದರೆ ಅದು ಬರೀ ನಷ್ಟವೋ, ತಪ್ಪೋ?

ಎಚ್ಚರಿಕೆ ನಮ್ಮ ಶತ್ರುವಲ್ಲ

ಪೆಟ್ರೋಲು ಉರಿದು ಹುಟ್ಟುವ ಶಾಖವೆಲ್ಲ ಚಕ್ರಗಳಿಗೆ ಹೋಗುವುದಿಲ್ಲ. ಅದರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲನ್ನು ಇಂಜಿನ್ನಿನ ಸುತ್ತ ಹರಿಯುವ ನೀರು ಹೊತ್ತುಕೊಂಡು ಹೋಗಬೇಕು. ವಾಟರ್ ಪಂಪು ಆ ನೀರನ್ನು ತಳ್ಳುತ್ತದೆ. ಇಂಜಿನ್ ಬಿಸಿಯಾದ ಮೇಲೆ ಥರ್ಮೋಸ್ಟಾಟ್ ಬಾಗಿಲು ತೆರೆಯುತ್ತದೆ. ರೇಡಿಯೇಟರಿನಲ್ಲಿ ನೀರು ತಣ್ಣಗಾಗಿ ಮತ್ತೆ ಒಳಗೆ ಬರುತ್ತದೆ. ಗಾಡಿ ನಿಂತಾಗ ಎದುರುಗಾಳಿ ಸಿಗದ ಕಾರಣ ಫ್ಯಾನು ತಿರುಗುತ್ತದೆ. ಈ ಸರಪಳಿಯಲ್ಲಿ ಯಾವುದಾದರೂ ಒಂದು ಕೊಂಡಿ ಕಳಚಿದರೆ ಮುಳ್ಳು ಏರುತ್ತದೆ.

ಮುಳ್ಳು ರೋಗವಲ್ಲ. ರೋಗ ಇದೆ ಎಂದು ಹೇಳುವ ಸ್ನೇಹಿತ. ಅದರ ಮಾತು ಕೇಳಿ ಕೂಡಲೇ ನಿಲ್ಲಿಸಿದರೆ ಕೆಲಸ ಒಂದು ಹೋಸ್ ಪೈಪಿನಲ್ಲೋ, ಒಂದು ಫ್ಯೂಸಿನಲ್ಲೋ ಮುಗಿಯಬಹುದು. ಕೇಳದೆ ಓಡಿಸಿದರೆ ಅಲ್ಯೂಮಿನಿಯಂ ಹೆಡ್ ಬಾಗಿ, ಗ್ಯಾಸ್ಕೆಟ್ ಸುಟ್ಟು, ಕೊನೆಗೆ ಇಂಜಿನ್ನೇ ಸೀಜ್ ಆಗಬಹುದು. ರೋಗ ಅದೇ. ನಡುವೆ ನಾವು ಓಡಿಸಿದ ಕೆಲವು ಕಿಲೋಮೀಟರುಗಳಷ್ಟೇ ವ್ಯತ್ಯಾಸ.

ದೇವರು ಮಾನವನ ಹೃದಯದಲ್ಲೂ ಇಂಥದೊಂದು ಮುಳ್ಳನ್ನು ಇಟ್ಟಿದ್ದಾರೆ. ಅದನ್ನು ನಾವು ಮನಸ್ಸಾಕ್ಷಿ ಎನ್ನುತ್ತೇವೆ. ಅದು ಚುಚ್ಚಿದಾಗ ನಮಗೆ ಸಿಟ್ಟು ಬರುತ್ತದೆ. ಆದರೆ ಚುಚ್ಚುವುದೇ ಅದರ ಕರುಣೆ!

ಮೊದಲು ಸಣ್ಣದನ್ನು ನೋಡಿ

ಒಳ್ಳೆಯ ಮೆಕ್ಯಾನಿಕ್ ಬಾನೆಟ್ ತೆಗೆದ ತಕ್ಷಣ “ಹೆಡ್ ಹೋಗಿದೆ, ಇಂಜಿನ್ ಬಿಚ್ಚಬೇಕು” ಎನ್ನುವುದಿಲ್ಲ. ಮೊದಲು ಕೇಳುತ್ತಾನೆ, “ಯಾವಾಗ ಹೀಟ್ ಆಗುತ್ತದೆ, ಸ್ವಾಮಿ?”

ಪೇಟೆಯಲ್ಲಿ ನಿಂತು ನಿಂತು ಹೋಗುವಾಗ ಬಿಸಿಯೇರಿ, ಹೊರಗಿನ ರಸ್ತೆಯಲ್ಲಿ ಸರಿಹೋದರೆ ಫ್ಯಾನು ತಿರುಗುತ್ತಿಲ್ಲವೆಂದು ಸಂಶಯ. ಆಗ ಫ್ಯೂಸು, ರಿಲೇ, ಫ್ಯಾನಿನ ಸ್ವಿಚ್ಚು ನೋಡಬೇಕು. ವೇಗವಾಗಿ ಹೋಗುವಾಗ, ಏರು ಹತ್ತುವಾಗ ಬಿಸಿಯಾದರೆ ರೇಡಿಯೇಟರ್ ಕಟ್ಟಿಕೊಂಡಿದೆಯೇ ಎಂದು ನೋಡಬೇಕು. ಮೇಲಿನ ಹೋಸ್ ಸುಡುತ್ತಿದ್ದು ಕೆಳಗಿನದು ತಣ್ಣಗಿದ್ದರೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಉಳಿದಿರಬಹುದು. ಮುಳ್ಳು ಏರುವುದರ ಜೊತೆಗೆ ಬ್ಯಾಟರಿಯ ದೀಪವೂ ಹೊತ್ತಿದರೆ ಬೆಲ್ಟು ತುಂಡಾಗಿರಬಹುದು, ಏಕೆಂದರೆ ಚಾರ್ಜ್ ಮಾಡುವ ಆಲ್ಟರ್ನೇಟರನ್ನೂ ವಾಟರ್ ಪಂಪನ್ನೂ ತಿರುಗಿಸುವುದು ಅದೇ ಬೆಲ್ಟು. ಸೈಲೆನ್ಸರಿನಿಂದ ಬಿಳಿ ಹೊಗೆ ಬಿಡದೆ ಬರುತ್ತಿದ್ದು, ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟಿನ ಮಾತು.

ಆತ್ಮಶೋಧನೆಯೂ ಹೀಗೆಯೇ. “ನಾನು ಕೆಟ್ಟವನು, ನನ್ನಿಂದ ಏನೂ ಆಗದು” ಎಂದು ಒಮ್ಮೆಲೇ ಕೈಚೆಲ್ಲುವುದು ಪಶ್ಚಾತ್ತಾಪವಲ್ಲ. ಪ್ರತಿದಿನ ಶಾಂತವಾಗಿ ಕುಳಿತು ಆ ದಿನವನ್ನು ಗಂಟೆ ಗಂಟೆಯಾಗಿ ನೋಡಿಕೊಳ್ಳಬೇಕೆಂದು ಸಂತ ಇಗ್ನಾಸಿಯವರು ಕಲಿಸಿದರು. ನನ್ನ ಸಿಟ್ಟು ಯಾವಾಗ ಏರುತ್ತದೆ? ಯಾರ ಮುಂದೆ? ಹೊರಗೆ ಎಲ್ಲರೊಡನೆ ನಗುತ್ತಾ ಇದ್ದು, ಮನೆಯೊಳಗೆ ಕಾಲಿಟ್ಟೊಡನೆ ಕುದಿಯುತ್ತೇನೆಯೇ? ಹೀಗೆ ಕೇಳಿಕೊಂಡರೆ ರೋಗದ ಜಾಗ ಗೊತ್ತಾಗುತ್ತದೆ.

ಮುಳ್ಳು ಸುಳ್ಳು ಹೇಳಿದರೆ?

ಇಲ್ಲೊಂದು ಸೂಕ್ಷ್ಮವಿದೆ. ಮುಳ್ಳು ಯಾವಾಗಲೂ ಸತ್ಯವನ್ನೇ ಹೇಳುವುದಿಲ್ಲ. ಸೆನ್ಸರಿನ ತಂತಿ ಕೆಟ್ಟರೆ ಇಂಜಿನ್ ತಣ್ಣಗಿದ್ದರೂ ಮುಳ್ಳು ಏರಿ ನಿಲ್ಲಬಹುದು. ಹಾಗೆಯೇ ಕೆಲವರ ಮನಸ್ಸಾಕ್ಷಿ ಪಾಪವಲ್ಲದ್ದನ್ನೂ ಪಾಪವೆಂದು ಹೇಳಿ ಅವರನ್ನು ಹಗಲಿರುಳು ಹಿಂಸಿಸುತ್ತದೆ. ಅಂಥವರು ಒಂಟಿಯಾಗಿ ನರಳದೆ ಗುರುಗಳ ಸಲಹೆ ಪಡೆಯಬೇಕು.

ಇನ್ನೊಂದು ಸುಳ್ಳು ಇದಕ್ಕಿಂತ ಅಪಾಯಕರ. ಸೆನ್ಸರ್ ನೀರಿನ ಬಿಸಿಯನ್ನು ಅಳೆಯುತ್ತದೆ. ನೀರೇ ಪೂರ್ತಿ ಸೋರಿಹೋದರೆ ಅಳೆಯಲು ಏನಿದೆ? ಆಗ ಮುಳ್ಳು ಕೆಳಗೆ ಇಳಿದುಬಿಡಬಹುದು. ಓಡಿಸುವವನು “ಸದ್ಯ, ಸರಿಹೋಯಿತು” ಎಂದು ನಿಟ್ಟುಸಿರು ಬಿಡುತ್ತಾನೆ. ಒಳಗೆ ಇಂಜಿನ್ ಒಣಗಿ ಸುಡುತ್ತಿರುತ್ತದೆ!

ಅರಸ ದಾವೀದನ ಕಥೆ ನೆನಪಿಸಿಕೊಳ್ಳಿ. ಪರರ ಹೆಂಡತಿಯನ್ನು ಬಯಸಿ, ಅವಳ ಗಂಡ ಊರೀಯನನ್ನು ಯುದ್ಧದ ಮುಂಚೂಣಿಗೆ ಕಳುಹಿಸಿ ಕೊಲ್ಲಿಸಿದ ಮೇಲೂ ಅವನಿಗೆ ಏನೂ ಚುಚ್ಚಲಿಲ್ಲ. ಪ್ರವಾದಿ ನಾತಾನ ಬಂದು, ಬಡವನ ಒಂದೇ ಒಂದು ಕುರಿಮರಿಯನ್ನು ಸಿರಿವಂತ ಕಿತ್ತುಕೊಂಡ ಕಥೆ ಹೇಳಬೇಕಾಯಿತು. ದಾವೀದನ ನೆಮ್ಮದಿ ಆರೋಗ್ಯದ ಗುರುತಾಗಿರಲಿಲ್ಲ, ನೀರು ಬತ್ತಿದ ಗುರುತಾಗಿತ್ತು. ಪಾಪ ಅಭ್ಯಾಸವಾದಂತೆ ಮನಸ್ಸಾಕ್ಷಿ ಕುರುಡಾಗುತ್ತದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಎಚ್ಚರಿಸಿದ್ದು ಇದನ್ನೇ. ಆದ್ದರಿಂದ “ನನ್ನ ಮನಸ್ಸಿಗೆ ಏನೂ ಅನಿಸುತ್ತಿಲ್ಲ” ಎಂಬುದು ಒಂದೇ ಸಾಕ್ಷಿಯಾಗಲಾರದು. ಮುಳ್ಳು ಇಳಿದಿದ್ದರೂ ಆಗಾಗ ಬಾನೆಟ್ ತೆರೆದು ನೀರು ನೋಡುವುದು ಜಾಣತನ.

ನೀರು ಎಲ್ಲಿ ಹೋಯಿತು?

ಕೆಲವರ ಗಾಡಿಯಲ್ಲಿ ಯಾವಾಗಲೂ ಒಂದು ಕ್ಯಾನು ನೀರು ಇರುತ್ತದೆ. ವಾರಕ್ಕೊಮ್ಮೆ ಸುರಿಯುತ್ತಾರೆ, ಓಡಿಸುತ್ತಾರೆ. ಕೂಲೆಂಟ್ ಹಾಕುವ ಬದಲು ಕೊಳವೆಬಾವಿಯ ಗಡಸು ನೀರನ್ನೇ ತುಂಬಿಸುವುದರಿಂದ ಒಳಗೆ ಸುಣ್ಣ ಕಟ್ಟಿಕೊಂಡು ರೇಡಿಯೇಟರಿನ ಸಣ್ಣ ನಾಳಗಳು ಮುಚ್ಚುತ್ತಾ ಬರುತ್ತವೆ. ರೇಡಿಯೇಟರ್ ಮುಚ್ಚಿದ ವ್ಯವಸ್ಥೆ. ಅದರಲ್ಲಿ ನೀರು ಪದೇ ಪದೇ ಕಡಿಮೆಯಾಗಬಾರದು. ಆಗುತ್ತಿದ್ದರೆ ಕೇಳಬೇಕಾದ ಪ್ರಶ್ನೆ “ಎಷ್ಟು ಹಾಕಲಿ?” ಎಂಬುದಲ್ಲ, “ಹಾಕಿದ್ದು ಎಲ್ಲಿ ಹೋಯಿತು?” ಎಂಬುದು.

ನಮ್ಮ ಪಾಪನಿವೇದನೆಯೂ ಕೆಲವೊಮ್ಮೆ ನೀರು ತುಂಬಿಸುವ ಕೆಲಸವಾಗಿಬಿಡುತ್ತದೆ. ತಪಸ್ಸುಕಾಲ ಬಂತು, ಸಾಲಿನಲ್ಲಿ ನಿಂತೆವು, ಕಳೆದ ವರ್ಷದ ಪಟ್ಟಿಯನ್ನೇ ಒಪ್ಪಿಸಿದೆವು, ಹಗುರಾಗಿ ಮನೆಗೆ ಬಂದೆವು. ದೇವರ ಕ್ಷಮೆ ನಿಜ, ಅದರಲ್ಲಿ ಸಂಶಯವಿಲ್ಲ. ಆದರೆ ಧರ್ಮಸಭೆ ನಮ್ಮಿಂದ ತಿದ್ದಿಕೊಳ್ಳುವ ದೃಢನಿರ್ಧಾರವನ್ನೂ ಕೇಳುತ್ತದೆ. ಸೋರುವ ಜಾಗ ಯಾವುದು? ಸಂಬಳದ ದಿನ ಸೇರುವ ಗೆಳೆಯರ ಕೂಟವೇ? ಮಲಗುವ ತನಕ ಕೈಯಲ್ಲಿರುವ ಮೊಬೈಲೇ? ಅಣ್ಣತಮ್ಮಂದಿರ ಪಾಲಿನ ಹಳೆಯ ಜಗಳವೇ? ಆ ಜಾಗವನ್ನು ಹಾಗೆಯೇ ಬಿಟ್ಟು ನೀರು ಮಾತ್ರ ತುಂಬಿಸುವುದು ಕೃಪೆಗೆ ಮಾಡುವ ಅವಮಾನವಲ್ಲವೇ?

ಪಕ್ಕದ ಸೀಟಿನಲ್ಲಿ ಕುಳಿತವರು

ಈಗ ಮತ್ತೆ ಆ ಕಾರಿನೊಳಗೆ ನೋಡೋಣ. ಮುಳ್ಳು ಏರಿದ್ದನ್ನು ಓಡಿಸುವವನಿಗಿಂತ ಮೊದಲು ಪಕ್ಕದಲ್ಲಿ ಕುಳಿತ ಹೆಂಡತಿ ನೋಡಿರುತ್ತಾಳೆ.

“ರೀ, ಆ ಮುಳ್ಳು ಯಾಕೋ ಮೇಲೆ ಹೋಗ್ತಿದೆ, ನೋಡಿ.”

“ಸುಮ್ನಿರು. ಗಾಡಿ ವಿಷಯ ನಿನಗೇನು ಗೊತ್ತು?”

ಮುಂದಿನ ಸಲ ಆಕೆ ಹೇಳುವುದಿಲ್ಲ. ಹಿಂದಿನ ಸೀಟಿನ ಮಕ್ಕಳೂ ಪಾಠ ಕಲಿತಿರುತ್ತಾರೆ: ಈ ಮನೆಯಲ್ಲಿ ಕಂಡದ್ದನ್ನು ಹೇಳಬಾರದು. ಪ್ರಿಯ ಓದುಗರೇ, ಎಷ್ಟೋ ಮನೆಗಳಲ್ಲಿ ನಿಜವಾಗಿ ಕೆಟ್ಟಿರುವುದು ಇದೇ. ಗಂಡನ ಕುಡಿತ ಹೆಚ್ಚುತ್ತಿರುವುದು, ಸಾಲ ಬೆಳೆಯುತ್ತಿರುವುದು, ತಾಯಿ ಊಟ ಬಿಟ್ಟು ಸೊರಗುತ್ತಿರುವುದು, ಮಗಳು ಮಾತು ಕಡಿಮೆ ಮಾಡಿರುವುದು ಯಾರಾದರೊಬ್ಬರ ಕಣ್ಣಿಗೆ ಬಿದ್ದೇ ಇರುತ್ತದೆ. ಹೇಳಲು ಧೈರ್ಯವಿಲ್ಲ, ಅಷ್ಟೆ. ಎಚ್ಚರಿಸಿದವರನ್ನು ಗದರಿಸುವ ಯಜಮಾನ ತನ್ನ ಡ್ಯಾಶ್‌ಬೋರ್ಡನ್ನು ತಾನೇ ಒಡೆದುಕೊಂಡವನು. ಆಮೇಲೆ “ನನಗೆ ಯಾರೂ ಹೇಳಲಿಲ್ಲ” ಎಂದು ಅವನು ತಪ್ಪಿಸಿಕೊಳ್ಳಲಾರ. ತಿಳಿಯಬಹುದಾಗಿದ್ದನ್ನು ತಿಳಿಯದಂತೆ ನೋಡಿಕೊಂಡ ಅಜ್ಞಾನಕ್ಕೆ ನಾವೇ ಹೊಣೆ ಎಂಬುದು ಧರ್ಮಸಭೆಯ ಬೋಧನೆ.

ಕಂಡವರಿಗೂ ಹೊಣೆಯಿದೆ. ಶತ್ರು ಬರುವುದನ್ನು ಕಂಡು ಕಹಳೆ ಊದದ ಕಾವಲುಗಾರನಿಂದ ಲೆಕ್ಕ ಕೇಳುವೆನೆಂದು ದೇವರು ಪ್ರವಾದಿ ಯೆಜೆಕಿಯೇಲನ ಮೂಲಕ ತಿಳಿಸಿದರು. ಆದರೆ ಹೇಗೆ ಹೇಳಬೇಕು? ಇಲ್ಲೂ ರೇಡಿಯೇಟರ್ ಒಂದು ಪಾಠ ಕಲಿಸುತ್ತದೆ. ಅದರೊಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಬಿಸಿಯಿದ್ದಾಗಲೇ ಮುಚ್ಚಳ ತೆರೆದರೆ ಅದು ಒಮ್ಮೆಲೇ ಉಕ್ಕಿ ಮುಖ, ಕೈ ಸುಡುತ್ತದೆ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡಬಹುದು. ಇಂಜಿನ್ ಆರಿಸಿ, ಕನಿಷ್ಠ ಅರ್ಧ ಗಂಟೆ ಕಾದು, ಮುಟ್ಟಿದರೆ ಸುಡದಷ್ಟು ತಣ್ಣಗಾದ ಮೇಲೆ ಬಟ್ಟೆ ಹಿಡಿದು ಮುಚ್ಚಳವನ್ನು ಮೆಲ್ಲಗೆ ತಿರುಗಿಸಬೇಕು. ಕುಡಿದು ಬಂದ ರಾತ್ರಿ ಜಗಳ ಬೇಡ, ಮರುದಿನ ಬೆಳಿಗ್ಗೆ ಮಾತಾಡಿ. ನಾಲ್ಕು ಜನರ ಮುಂದೆ ಬೇಡ, ಇಬ್ಬರೇ ಇದ್ದಾಗ ಹೇಳಿ. ತಪ್ಪು ಮಾಡಿದ ಸಹೋದರನಿಗೆ ಮೊದಲು ಏಕಾಂತದಲ್ಲೇ ತಿಳಿಸಬೇಕೆಂದು ಪ್ರಭು ಯೇಸುವೂ ಕಲಿಸಿದ್ದಾರೆ. ಆದರೆ ಒಂದು ಎಚ್ಚರ: ಮನೆಯಲ್ಲಿ ಕೈ ಏಳುತ್ತಿದ್ದರೆ, ಮಕ್ಕಳಿಗೆ ಅಪಾಯವಿದ್ದರೆ, ತಣ್ಣಗಾಗಲೆಂದು ಕಾಯುತ್ತಾ ಕೂರಬೇಡಿ. ಹೊಗೆ ಬರುವ ಗಾಡಿಯಿಂದ ಮೊದಲು ಜನ ಇಳಿಯಬೇಕು.

ಎಲ್ಲದಕ್ಕೂ ನಿಲ್ಲಲು ಆಗುತ್ತದೆಯೇ?

“ಸ್ವಾಮಿ, ಬಡವರ ಬದುಕು. ಒಂದೊಂದು ದೀಪ ಹೊತ್ತಿದಾಗಲೂ ನಿಲ್ಲುತ್ತಾ ಕುಳಿತರೆ ಊರು ಸೇರುವುದು ಯಾವಾಗ?” ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹೆರಿಗೆ ನೋವಿನ ಹೆಂಗಸು ಹಿಂದಿನ ಸೀಟಿನಲ್ಲಿದ್ದು, ಬೇರೆ ಗಾಡಿ ಸಿಗದೆ, ಆಸ್ಪತ್ರೆ ನಾಲ್ಕು ಕಿಲೋಮೀಟರ್ ಇದ್ದರೆ ಇಂಜಿನ್ ಸುಟ್ಟರೂ ಓಡಿಸಬೇಕು. ಅದು ತಪ್ಪಲ್ಲ, ಪುಣ್ಯ. ಇಂಜಿನ್ ಇರುವುದೇ ಮನುಷ್ಯರಿಗಾಗಿ. ಆಗ ಎಸಿ ಆರಿಸಿ, ಹೀಟರ್ ಇದ್ದರೆ ಪೂರ್ತಿ ಹಾಕಿ. ಇಂಜಿನ್ನಿನ ಶಾಖ ಸ್ವಲ್ಪ ಒಳಗೆ ಬರುತ್ತದೆ, ಕುಳಿತವರಿಗೆ ಕಷ್ಟವಾಗುತ್ತದೆ, ಇಂಜಿನ್ನಿಗೆ ಉಸಿರು ಸಿಗುತ್ತದೆ. ಕಷ್ಟವನ್ನು ಎಲ್ಲರೂ ಹಂಚಿಕೊಂಡು ಒಂದನ್ನು ಉಳಿಸಿಕೊಳ್ಳುವ ಪಾಠ ಅದು.

ಆದರೆ ನಾವು ಓಡಿಸುವುದು ಬಹುತೇಕ ಇಂಥ ಕಾರಣಕ್ಕಲ್ಲ. ಮದುವೆಯ ಹಿಂದಿನ ರಾತ್ರಿಯ ಊಟ ತಪ್ಪುತ್ತದೆ, ನೆಂಟರ ಮುಂದೆ ಮರ್ಯಾದೆ ಹೋಗುತ್ತದೆ, ಹೆಂಡತಿ ಹೇಳಿದ್ದೇ ಸರಿ ಎಂದು ಒಪ್ಪಬೇಕಾಗುತ್ತದೆ. ಅಷ್ಟಕ್ಕಾಗಿ ಮಕ್ಕಳನ್ನೂ ಅಜ್ಜಿಯನ್ನೂ ಆನೆ ಓಡಾಡುವ ಕಾಡಿನ ನಡುವೆ, ಕತ್ತಲಲ್ಲಿ, ಕೆಟ್ಟ ಗಾಡಿಯೊಳಗೆ ಕೂರಿಸುವ ಅಪಾಯ ತಂದುಕೊಳ್ಳುತ್ತೇವೆ. ಗುಂಡ್ಲುಪೇಟೆಯಲ್ಲಿ ಮೆಕ್ಯಾನಿಕ್ ಇದ್ದಾನೆ, ಬಸ್ಸಿದೆ, ದೀಪವಿದೆ. ಚೆಕ್‌ಪೋಸ್ಟ್ ದಾಟಿದ ಮೇಲೆ ಅದಾವುದೂ ಇಲ್ಲ. ಎಲ್ಲಿ ನಿಲ್ಲಬೇಕೆಂದು ನಿಲ್ಲಲು ಸಾಧ್ಯವಿರುವಾಗಲೇ ತೀರ್ಮಾನಿಸುವುದು ವಿವೇಕ. ಸಂತ ಥಾಮಸ್ ಅಕ್ವಿನಾಸರು ಮೂಲಸದ್ಗುಣಗಳಲ್ಲಿ ವಿವೇಕಕ್ಕೆ ಮೊದಲ ಸ್ಥಾನ ಕೊಟ್ಟದ್ದು ಸುಮ್ಮನೆ ಅಲ್ಲ.

ಆದುದರಿಂದ ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇಷ್ಟು: ಮುಳ್ಳು ಏರುವುದು ತಪ್ಪಲ್ಲ, ಹಳೆಯ ಗಾಡಿಗೂ ದುರ್ಬಲ ಮಾನವನಿಗೂ ಅದು ಸಹಜ. ಕಂಡ ಮೇಲೆ, ನಿಲ್ಲಲು ಜಾಗವಿದ್ದೂ, ಬರೀ ಹಮ್ಮಿಗಾಗಿ ಮುಂದೆ ಹೋಗುವುದು ತಪ್ಪು. ಆ ಹಮ್ಮಿನ ಬೆಲೆ ತೆರುವವರು ಹೆಚ್ಚಾಗಿ ಹಿಂದಿನ ಸೀಟಿನಲ್ಲಿ ಕುಳಿತವರು.

ಈ ವಾರ ಕುಟುಂಬ ಪ್ರಾರ್ಥನೆಯ ನಂತರ ಐದು ನಿಮಿಷ ಒಟ್ಟಿಗೆ ಕುಳಿತು ಈ ಮೂರು ಪ್ರಶ್ನೆಗಳನ್ನು ಮಾತಾಡಿಕೊಳ್ಳಿ:

1. ನಮ್ಮ ಮನೆಯಲ್ಲಿ ಈಗ ಯಾವ ಮುಳ್ಳು ಮೇಲೇರುತ್ತಿದೆ? ಅದನ್ನು ಮೊದಲು ಕಂಡವರು ಯಾರು?

2. ಮನೆಯ ಅತಿ ಚಿಕ್ಕ ಮಗು ಕೂಡ ಹೆದರದೆ ಕಂಡದ್ದನ್ನು ಹೇಳಬಲ್ಲುದೇ?

3. ಪದೇ ಪದೇ ತುಂಬಿಸುತ್ತಿದ್ದರೂ ಬರಿದಾಗುತ್ತಿರುವುದು ಏನು? ಸೋರುತ್ತಿರುವುದು ಎಲ್ಲಿ?

ಉತ್ತರ ಹೇಳುವವರನ್ನು ನಡುವೆ ತಡೆಯಬೇಡಿ. ಅಪ್ಪಂದಿರೇ, ಈ ಮಾತು ವಿಶೇಷವಾಗಿ ನಿಮಗೆ.